ಫೋಟೋದವ್ರ ಬಾಕಿ ಕೊನೇಗೆ ಅನ್ನೋ ಅಭ್ಯಾಸ ಬಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪೇಪರಲ್ಲಿ ಕೆಲಸ ಕಳ್ಕೊಂಡವರ ಬಗ್ಗೆ ಒಂದು ಬರಹ ಬಂದಿತ್ತು. ಕೈಲಿರೋ ಹಳೇ ವಿದ್ಯೆನೇ ಉದ್ಯೋಗ ಮಾಡ್ಕೊಳ್ಳಿ, ಫೋಟೋಗ್ರಫಿ, ಟೈಲರಿಂಗ್, ಬೇಕರಿ ಹೀಗೆ ದಾರಿ ಬೇಕಾದಷ್ಟಿದೆ ಅಂತ ಬರ್ದಿದ್ರು. ನಾನು ಮದುವೆ ಫೋಟೋ ತೆಗೀತಾ ಆ ದಾರೀಲಿ ಎರಡು ವರ್ಷದಿಂದ ನಡೀತಿರೋನು. ಬರ್ದಿದ್ದು ತಪ್ಪು ಅಂತ ಹೇಳಲ್ಲ, ಆದ್ರೆ ಓದ್ತಾ ಓದ್ತಾ ನಂಗೆ ಒಂಥರಾ ಭಯ ಆಯ್ತು, ಯಾರಾದ್ರೂ ಇದನ್ನ ಓದ್ಕೊಂಡು ನಾಳೆ ಬೆಳಿಗ್ಗೆನೇ ಕಂಪನಿ ಕೊಟ್ಟ ಸೆಟ್ಲ್‌ಮೆಂಟ್ ದುಡ್ಡು ತಗೊಂಡು ಕ್ಯಾಮೆರಾ ಅಂಗಡಿ ಮುಂದೆ ನಿಂತ್ಕೋತಾರೇನೋ ಅಂತ, ಯಾಕಂದ್ರೆ ನಾನು ಮಾಡಿದ್ದು ಅದನ್ನೇ. ಈಗ ಧನುರ್ಮಾಸ, ಛತ್ರಗಳೆಲ್ಲ ಖಾಲಿ, ಕೂತು ಬರೆಯೋಕೆ ಪುರುಸೊತ್ತು ಸಿಕ್ಕಿದೆ, ಅದಕ್ಕೆ ಸ್ವಲ್ಪ ಉದ್ದಾನೇ ಬರೀತಿದೀನಿ, ದಯವಿಟ್ಟು ಆದಷ್ಟೂ ಕತ್ತರಿಸದೆ ಹಾಕಿ. ಕೆಲಸ ಹೋದವರಿಗೂ ಹೇಳೋದಿದೆ, ಮದುವೆ ಮಾಡೋ ಮನೆಯವರಿಗೂ ಹೇಳೋದಿದೆ, ನೋಡಿದ್ರೆ ಎರಡೂ ಒಂದೇ ಮಾತು.

ನಮ್ಮೂರು ತಿಪಟೂರು. 2003ರಲ್ಲಿ ಪಿಯುಸಿ ಆದ್ಮೇಲೆ ನಮ್ಮ ಸೋದರಮಾವನ ಸ್ಟುಡಿಯೋಗೆ ಸೇರ್ಕೊಂಡೆ. ಆಗ ಎಲ್ಲಾ ರೀಲು. ಮಾವನ ಹತ್ರ ಒಂದು ಪೆಂಟಾಕ್ಸ್ ಕೆ1000, ಒಂದು ಯಾಷಿಕಾ, ಒಂದು ವಿವಿಟಾರ್ ಫ್ಲಾಶ್, ಇಷ್ಟರಲ್ಲೇ ಇಪ್ಪತ್ತು ವರ್ಷ ಮದುವೆ ತೆಗೆದಿದ್ರು. ಒಂದು ರೀಲಿಗೆ 36 ಫೋಟೋ, ಮದುವೆಗೆ ಐದೋ ಆರೋ ರೀಲು, ಅಷ್ಟೇ. ಒಂದು ಸಲ ಬಟನ್ ಒತ್ತಿದ್ರೆ ರೀಲಿನ ದುಡ್ಡು, ತೊಳೆಸೋ ದುಡ್ಡು, ಪ್ರಿಂಟಿನ ದುಡ್ಡು ಮೂರೂ ಹೋಯ್ತು ಅಂತ ಲೆಕ್ಕ, ಅದಕ್ಕೇ ಕೈ ಬಿಗಿ ಹಿಡ್ಕೊಂಡು ತೆಗೀತಿದ್ವಿ. ಮಾವ ಮೊದಲ ದಿನ ಹೇಳ್ಕೊಟ್ಟಿದ್ದು ಫೋಕಸ್ಸೂ ಅಲ್ಲ ಲೈಟೂ ಅಲ್ಲ. "ಅಂತರಪಟ ಹಿಡಿಯೋಕೆ ಮುಂಚೆ ರೀಲು ಎಷ್ಟಿದೆ ನೋಡ್ಕೋ ಕಣೋ, ತಾಳಿ ಕಟ್ಟೋ ಹೊತ್ತಿಗೆ ಹತ್ತು ಫೋಟೋಗಾದ್ರೂ ಜಾಗ ಇರ್ಬೇಕು, ಇಲ್ಲಾಂದ್ರೆ ಉಳಿದಿದ್ದು ಹಾಳಾದ್ರೂ ಪರವಾಗಿಲ್ಲ ಬಿಚ್ಚಿ ಹೊಸದು ಹಾಕು" ಅಂದಿದ್ರು. ನಾನು ಈಗ್ಲೂ ಅಂತರಪಟ ಬಂತು ಅಂದ್ರೆ ಕಾರ್ಡಲ್ಲಿ ಜಾಗ ಎಷ್ಟಿದೆ, ಬ್ಯಾಟರಿ ಎಷ್ಟಿದೆ ನೋಡ್ತೀನಿ, ಸಾವಿರಾರು ಫೋಟೋ ಹಿಡಿಯೋ ಕಾರ್ಡ್ ಇದ್ರೂ ನೋಡ್ತೀನಿ.

2009ರಲ್ಲಿ ಮಾವ ಡಿಜಿಟಲ್‌ಗೆ ಬಂದ್ರು, ನಿಕಾನ್ ಡಿ90 ತಗೊಂಡ್ರು, ಕರಿಜ್ಮಾ ಆಲ್ಬಂ ಶುರುವಾಯ್ತು, ಫೋಟೋ ಅಂಟಿಸೋ ಕೆಲಸ ಹೋಗಿ ಕಂಪ್ಯೂಟರ್ ಮುಂದೆ ಕೂತು ಡಿಸೈನ್ ಮಾಡೋ ಕೆಲಸ ಬಂತು. ಅದರಲ್ಲಿ ನಾನು ಫೋಟೋಶಾಪ್ ಚೆನ್ನಾಗಿ ಕಲ್ತೆ. ಆ ಫೋಟೋಶಾಪೇ ನನ್ನ 2013ರಲ್ಲಿ ಬೆಂಗಳೂರಿಗೆ ಕರ್ಕೊಂಡು ಹೋಯ್ತು, ಆನ್‌ಲೈನ್ ಶಾಪಿಂಗ್‌ಗೆ ಫೋಟೋ ಮಾಡ್ಕೊಡೋ ಒಂದು ಕಂಪನೀಲಿ ಕೆಲಸ, ಕುರ್ತಾ ಶರ್ಟು ಚಪ್ಪಲಿ ಇವುಗಳ ಫೋಟೋ ಹಿಂದಿನ ಬ್ಯಾಕ್‌ಗ್ರೌಂಡ್ ತೆಗೆದು ಬಿಳಿ ಮಾಡೋದು, ಸುಕ್ಕು ತೆಗೆಯೋದು, ಬಣ್ಣ ಸರಿ ಮಾಡೋದು. ತಿಂಗಳಾದ್ರೆ ಸಂಬಳ, ಪಿಎಫ್ಪು, ಭಾನುವಾರ ರಜ. ಮದುವೆ ಸೀಸನ್ನಲ್ಲಿ ಮೂರು ದಿನ ನಿದ್ದೆ ಇಲ್ದೆ ಓಡಾಡಿದವನಿಗೆ ಅದು ಸ್ವರ್ಗದ ಥರ ಇತ್ತು. ಮಾವ ಬೇಜಾರು ಮಾಡ್ಕೊಳ್ಳಿಲ್ಲ, ಹೋಗು ಅಂದ್ರು.

ಹನ್ನೊಂದು ವರ್ಷ ಮಾಡ್ದೆ. ಕೊನೆ ಎರಡು ವರ್ಷದಲ್ಲಿ ಕಣ್ಣೆದುರೇ ಎಲ್ಲ ಬದಲಾಯ್ತು. ಮುಂಚೆ ಒಂದು ಕುರ್ತಾದ ಅಂಚು ಪೆನ್ ಟೂಲಲ್ಲಿ ಕತ್ತರಿಸೋಕೆ ನಂಗೆ ಆರೇಳು ನಿಮಿಷ ಬೇಕಿತ್ತು, ಆಮೇಲೆ ಬಂದ ಸಾಫ್ಟ್‌ವೇರ್ ಸಾವಿರ ಫೋಟೋನ ಹಂಗೇ ನುಂಗಿ ಬಿಳಿ ಮಾಡಿ ಉಗುಳ್ತಿತ್ತು. ಮೊದ್ಲು ಅದು ತಪ್ಪು ಮಾಡಿದ್ದನ್ನ ನಾವು ತಿದ್ದೋ ಕೆಲಸ ಅಂದ್ರು, ಆಮೇಲೆ ತಿದ್ದೋಕೂ ಅಷ್ಟು ಜನ ಬೇಡ ಆಯ್ತು. 2024ರ ಜನವರೀಲಿ ಸಂಕ್ರಾಂತಿ ಆಗಿ ಒಂದು ವಾರಕ್ಕೆ ನಮ್ಮ ಟೀಮನ್ನ ಒಬ್ಬೊಬ್ಬರನ್ನೇ ಕರೆದು ಎರಡು ತಿಂಗಳ ಸಂಬಳ ಕೊಡ್ತೀವಿ, ರಾಜೀನಾಮೆ ಅಂತ ಬರ್ಕೊಡಿ ಅಂದ್ರು. ನಾನು ಬರ್ಕೊಟ್ಟೆ. ಇಲ್ಲೊಂದು ಮಾತು, ಕೆಲಸ ಹೋಗೋ ಗಾಬರೀಲಿ ಬಹಳ ಜನ ಗ್ರ್ಯಾಚುಯಿಟಿ ಕೇಳೋದೇ ಮರೀತಾರೆ, ಐದು ವರ್ಷ ಸರ್ವಿಸ್ ಆಗಿದ್ರೆ ಅವರಾಗೇ ತೆಗೆದ್ರೂ ನೀವೇ ರಾಜೀನಾಮೆ ಕೊಟ್ರೂ ಅದು ನಿಮಗೆ ಬರಲೇಬೇಕು, ವರ್ಷಕ್ಕೆ ಹದಿನೈದು ದಿನದ ಬೇಸಿಕ್ ಸಂಬಳ (ಡಿಎ ಇದ್ರೆ ಅದೂ ಸೇರಿ), ಅದೂ ತಿಂಗಳಿಗೆ 26 ದಿನ ಅಂತ ಲೆಕ್ಕ ಹಾಕಿ. ನಂಗೆ ಒಂದು ಲಕ್ಷದ ನಲವತ್ತು ಸಾವಿರದ ಹತ್ರ ಬಂತು. ಎರಡು ತಿಂಗಳ ಸಂಬಳ ಸೇರಿ ಎರಡೂ ಕಾಲು ಲಕ್ಷಕ್ಕೆ ಸ್ವಲ್ಪ ಕಮ್ಮಿ. ನಲವತ್ತರ ಹತ್ರ ಬಂದವನಿಗೆ ಬೇರೆ ಕಂಪನೀಲಿ ಯಾರೂ ಕರೀಲಿಲ್ಲ, ಎರಡು ತಿಂಗಳು ನೋಡಿ ಮನೆ ಖಾಲಿ ಮಾಡಿ ಹೆಂಡ್ತಿ ಮಗಳನ್ನ ಕರ್ಕೊಂಡು ತಿಪಟೂರಿಗೆ ಬಂದೆ.

ಮಾವನ ಸ್ಟುಡಿಯೋ ಅಷ್ಟೊತ್ತಿಗೆ ಇರ್ಲಿಲ್ಲ. 2020ರಲ್ಲಿ ಲಾಕ್‌ಡೌನ್ ಆಗಿ ಮದುವೆಗೆ ಐವತ್ತೇ ಜನ ಅಂತ ಆದಾಗ ಬಂದ ಆರ್ಡರೆಲ್ಲ ಕ್ಯಾನ್ಸಲ್ ಆಗಿ, ಮಾರನೇ ವರ್ಷನೂ ಅದೇ ಕತೆ ಆಗಿ, ಬಾಡಿಗೆ ಕಟ್ಟೋಕಾಗ್ದೆ ಮುಚ್ಚಿದ್ರು. ಆ ಜಾಗದಲ್ಲಿ ಈಗ ಮೊಬೈಲ್ ಕವರ್ ಅಂಗಡಿ ಇದೆ. ನಾನು ಹೋಗಿ ಮತ್ತೆ ಮದುವೆ ಫೋಟೋ ಮಾಡ್ತೀನಿ ಮಾವ ಅಂದಾಗ ಅವರು ಖುಷಿ ಪಡ್ಲಿಲ್ಲ, ಒಳಗಿಂದ ಒಂದು ಉದ್ದ ರಟ್ಟಿನ ಪುಸ್ತಕ ತಂದು ಮುಂದಿಟ್ರು. ಅವರ ಆರ್ಡರ್ ಪುಸ್ತಕ. ಒಂದೊಂದು ಸಾಲಲ್ಲೂ ಊರು, ಮನೆ ಯಜಮಾನರ ಹೆಸರು, ತಾರೀಖು, ಒಟ್ಟು, ಅಡ್ವಾನ್ಸ್, ಬಾಕಿ. ಬಾಕಿ ಬಂದಿದ್ದಕ್ಕೆ ನೀಲಿ ಗೀಟು ಹೊಡೆದಿದ್ರು, ಗೀಟು ಬೀಳದೆ ಉಳಿದ ಸಾಲುಗಳನ್ನ ಬೆರಳಲ್ಲಿ ತೋರಿಸ್ತಾ ಹೋದ್ರು. ಸ್ಟುಡಿಯೋ ಮುಚ್ಚಿದ ದಿನ ಕೂಡಿ ನೋಡಿದ್ರಂತೆ, ಒಂದು ಲಕ್ಷದ ಅರವತ್ತು ಸಾವಿರ ಚಿಲ್ಲರೆ. "ಆ ದುಡ್ಡು ಬಂದಿದ್ರೆ ಲಾಕ್‌ಡೌನ್ ದಾಟ್ತಿದ್ದೆ" ಅಂದ್ರು, ಬೇರೇನೂ ಹೇಳ್ಲಿಲ್ಲ. ನಾನು ಅವತ್ತು ಆ ಮಾತಿಗೆ ಕಿವಿಗೊಡ್ಬೇಕಿತ್ತು, ಕೊಡ್ಲಿಲ್ಲ.

ಮಾರ್ಚಲ್ಲಿ ಕ್ಯಾಮೆರಾ ತಗೊಂಡೆ. ಸೆಕೆಂಡ್ ಹ್ಯಾಂಡ್ ಸೋನಿ ಎ7 3 ಬಾಡಿ, ಒಂದು 24-70 ಲೆನ್ಸು, ಒಂದು 85, ಎರಡು ಫ್ಲಾಶು, ಕಾರ್ಡು, ಬ್ಯಾಟರಿ, ಬ್ಯಾಗು ಎಲ್ಲ ಸೇರಿ ಒಂದು ಲಕ್ಷದ ತೊಂಬತ್ತು ಸಾವಿರ. ಕೈಲಿ ಉಳಿದಿದ್ದು ಮನೆ ಅಡ್ವಾನ್ಸಿಗೂ ಸಾಲದಷ್ಟು. ಪಂಚಾಂಗ ತೆಗೆದು ನೋಡಿರ್ಲಿಲ್ಲ. ಆ ವರ್ಷ ಏಪ್ರಿಲ್ ಕೊನೇಲಿ ಶುಕ್ರ ಅಸ್ತ (ಅಂದ್ರೆ ಸೂರ್ಯನ ಹತ್ರ ಬಂದು ಗ್ರಹ ಕಾಣದೆ ಇರೋದು), ಮೇ ಮೊದಲ ವಾರದಲ್ಲಿ ಗುರುವೂ ಅಸ್ತ, ಎರಡೂ ಗ್ರಹ ಅಸ್ತ ಇರುವಾಗ ಮುಹೂರ್ತ ಇಟ್ಕೊಡಲ್ಲ ಅಂತ ಪುರೋಹಿತರು ಕೈ ಚೆಲ್ಲಿದ್ರು, ಜುಲೈ ಮೊದಲ ವಾರದಲ್ಲಿ ಅಸ್ತ ಮುಗೀತು ಅನ್ನೋಷ್ಟರಲ್ಲಿ ಆಷಾಢ ಬಂತು, ಆಷಾಢ ಮುಗಿದು ಶ್ರಾವಣ ಬಂದಿದ್ದು ಆಗಸ್ಟ್ 5ಕ್ಕೆ. ಎಲ್ಲ ಪುರೋಹಿತರೂ ಒಂದೇ ಥರ ಇರಲ್ಲ, ದೋಷ ಕಳೆದು ಮಾಡ್ಸಿದವರೂ ಇದ್ರು, ದೇವಸ್ಥಾನದಲ್ಲಿ ಸರಳವಾಗಿ ಮಾಡ್ಕೊಂಡವರೂ ಇದ್ರು, ಆದ್ರೆ ನಮ್ಮ ಕಡೆ ವೈಶಾಖ ಜ್ಯೇಷ್ಠದಲ್ಲಿ ಸಿಗಬೇಕಾದ ಆರ್ಡರು ಸಿಗ್ಲಿಲ್ಲ, ಅದೂ ಹೊಸದಾಗಿ ಬಂದವನಿಗೆ ಯಾರು ಕೊಡ್ತಾರೆ. ಮೂರು ತಿಂಗಳು ಕ್ಯಾಮೆರಾ ಬೀರುವಿನಲ್ಲಿ. ವಾರಕ್ಕೊಂದು ಸಲ ತೆಗೆದು ಬ್ಯಾಟರಿ ಚಾರ್ಜ್ ಮಾಡಿ ಲೆನ್ಸಿಗೆ ಫಂಗಸ್ ಹಿಡೀದಿರ್ಲಿ ಅಂತ ಬಿಸಿಲಿಗೆ ತೋರಿಸಿ ಮತ್ತೆ ಇಡ್ತಿದ್ದೆ. ಹೆಂಡ್ತಿ ಬ್ಲೌಸ್ ಹೊಲಿದು ಮನೆ ನಡೆಸಿದ್ಲು.

ಅದಕ್ಕೇ ಕೆಲಸ ಹೋದವರಿಗೆ ಕೈ ಮುಗಿದು ಕೇಳ್ಕೋತೀನಿ, ಮದುವೆ ಫೋಟೋ ಕೆಲಸ ಕ್ಯಾಮೆರಾದಿಂದ ನಡೆಯಲ್ಲ, ಮುಹೂರ್ತದಿಂದ ನಡೆಯುತ್ತೆ. ಆಷಾಢ ಇಲ್ಲ, ಪಿತೃಪಕ್ಷ ಇಲ್ಲ, ಧನುರ್ಮಾಸ ಇಲ್ಲ, ಅಧಿಕ ಮಾಸ ಬಂದ್ರೆ ಅದೂ ಇಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಮೇ 17ರಿಂದ ಜೂನ್ 15ರವರೆಗೆ, ಅಂದ್ರೆ ಬೇಸಿಗೆ ರಜದ ಮದುವೆ ಬಹಳಷ್ಟು ಏಪ್ರಿಲ್ ಕೊನೆಯಿಂದ ಮೇ ಮಧ್ಯಕ್ಕೇ ಬಂದು ಕೂರುತ್ತೆ, ಒಂದೇ ದಿನ ಎಲ್ಲ ಛತ್ರನೂ ಫುಲ್, ಮಾರನೇ ವಾರ ಎಲ್ಲ ಖಾಲಿ. ಒಬ್ಬ ಮನುಷ್ಯ ಒಂದು ದಿನಕ್ಕೆ ಒಂದೇ ಮುಹೂರ್ತ ತೆಗೆಯೋಕಾಗೋದು. 2025ರಲ್ಲಿ ನಂಗೆ ಸಿಕ್ಕಿದ್ದು 27 ಆರ್ಡರು, ಅದರಲ್ಲಿ ಒಂಬತ್ತು ಬೇರೆಯವರ ಕೈಕೆಳಗೆ ದಿನಗೂಲಿಗೆ ಹೋಗಿದ್ದು. ಆ ಇಪ್ಪತ್ತೇಳರ ದುಡಿಮೇಲಿ ಹನ್ನೆರಡು ತಿಂಗಳು ಅನ್ನ ತಿನ್ಬೇಕು. ಹೀಗಿರುವಾಗ ಒಂದು ಮನೆಯವರು ಬಾಕಿ ನಿಲ್ಲಿಸಿಕೊಂಡ್ರೆ ಏನಾಗುತ್ತೆ ಅನ್ನೋದನ್ನ ಮುಂದೆ ಹೇಳ್ತೀನಿ.

ಅದಕ್ಕೆ ಮುಂಚೆ ನನ್ನ ಮೊದಲ ಆರ್ಡರ್ ಬಗ್ಗೆ ಹೇಳ್ಬೇಕು, ಹನ್ನೊಂದು ವರ್ಷ ಬಿಟ್ಟು ಬಂದವರಿಗೆ ಉಪಯೋಗ ಆಗುತ್ತೆ. ಶ್ರಾವಣದಲ್ಲಿ ತುರುವೇಕೆರೆ ಕಡೆ ಒಂದು ಮದುವೆ, ಗುರುತಿನವರು ಕೊಟ್ಟಿದ್ದು. ನಾನು ಬಿಟ್ಟು ಹೋದಾಗ ಮಂಟಪಕ್ಕೆ ಎರಡು ಹಾಲೋಜನ್ ಲೈಟು, ಹಿಂದೆ ಬಟ್ಟೆ, ಮೇಲೆ ಹೂವು, ಇಷ್ಟಿತ್ತು. ಈಗ ಹೋಗಿ ನೋಡಿದ್ರೆ ಸ್ಟೇಜ್ ಹಿಂದೆ ಗೋಡೆಯಷ್ಟು ದೊಡ್ಡ ಎಲ್‌ಇಡಿ ಸ್ಕ್ರೀನು, ಸುತ್ತ ಬಣ್ಣ ಬಣ್ಣದ ಎಲ್‌ಇಡಿ ಲೈಟು, ತಲೆ ಮೇಲೆ ಕ್ರೇನು, ಗಿಂಬಲ್ (ಕ್ಯಾಮೆರಾ ಅಲುಗಾಡದ ಹಾಗೆ ಹಿಡಿಯೋ ಕೋಲು) ಹಿಡ್ಕೊಂಡ ಇಬ್ಬರು ಹುಡುಗ್ರು. ಪುರೋಹಿತರು ಫ್ಲಾಶ್ ಕಣ್ಣಿಗೆ ಹೊಡಿಯುತ್ತೆ ಸ್ವಲ್ಪ ನೋಡ್ಕೊಳ್ಳಿ ಅಂದ್ರು, ನಾನು ಸರಿ ಅಂತ ಫ್ಲಾಶ್ ಆಫ್ ಮಾಡಿ, ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದೇ ಬರದ ಹಾಗೆ ತೆಗೆಯೋ ಸೈಲೆಂಟ್ ಶಟರ್ ಇರುತ್ತಲ್ಲ ಅದನ್ನ ಹಾಕ್ಕೊಂಡೆ. ಅಂತರಪಟ ಸರಿದು ಹುಡುಗ ಹುಡುಗಿ ಜೀರಿಗೆ ಬೆಲ್ಲ ಹಾಕ್ಕೊಂಡ್ರು, ಹುಡುಗಿ ಸೋದರಮಾವ ಪಕ್ಕದಲ್ಲಿ ನಿಂತು ಕಣ್ಣು ಒರೆಸ್ಕೋತಿದ್ರು, ಧಾರೆ ಆಯ್ತು, ಗಟ್ಟಿಮೇಳ ಅಂದ್ರು, ಅಕ್ಷತೆ ಸುರೀತು, ತಾಳಿ ಮೂರು ಗಂಟೂ ಬಿತ್ತು, ಎಲ್ಲ ನನ್ನ ಫ್ರೇಮಲ್ಲಿ ಸರಿಯಾಗಿ ಕೂತಿತ್ತು. ಆಮೇಲೆ ಮೂಲೇಲಿ ಕೂತು ಹಿಗ್ಗಿಸಿ ನೋಡ್ತೀನಿ, ಪ್ರತಿ ಫೋಟೋ ಮೇಲೂ ಅಡ್ಡಡ್ಡ ಪಟ್ಟೆ. ಕಪ್ಪು ಪಟ್ಟೆ, ತಿಳಿ ಪಟ್ಟೆ, ಹುಡುಗಿ ಮುಖದ ಮೇಲೆ, ತಾಳಿ ಮೇಲೆ, ಸೋದರಮಾವನ ಮುಖದ ಮೇಲೂ.

ಆಮೇಲೆ ತಿಳ್ಕೊಂಡೆ, ಎಲ್‌ಇಡಿ ಲೈಟು ನಮ್ಮ ಕಣ್ಣಿಗೆ ಕಾಣದಷ್ಟು ಜೋರಾಗಿ ಮಿಣುಕ್ತಾ ಇರುತ್ತೆ, ಸೈಲೆಂಟ್ ಶಟರ್ ಫೋಟೋನ ಒಂದೇ ಸಲ ಹಿಡಿಯಲ್ಲ, ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದ್ಕೊಂಡು ಬರುತ್ತೆ, ಆ ಮಿಣುಕು ಒಂದು ಸಾಲಲ್ಲಿ ಇದ್ದು ಇನ್ನೊಂದು ಸಾಲಲ್ಲಿ ಇಲ್ದೆ ಪಟ್ಟೆ ಬೀಳುತ್ತೆ. ಮೆಕ್ಯಾನಿಕಲ್ ಶಟರ್ (ಸದ್ದು ಬರೋ ಮಾಮೂಲಿದು) ಹಾಕ್ಕೊಂಡು ಸ್ಪೀಡನ್ನ ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೋ ಅದಕ್ಕಿಂತ ನಿಧಾನಕ್ಕೋ ಇಟ್ರೆ ಬಹಳ ಮಟ್ಟಿಗೆ ತಪ್ಪುತ್ತೆ. ಅವತ್ತು ನನ್ನ ಜೊತೆ ಕ್ಯಾಂಡಿಡ್‌ಗೆ (ಪೋಸ್ ಕೊಡಿಸದೆ ಸಹಜವಾಗಿ ತೆಗೆಯೋ ಫೋಟೋಗೆ) ಬಂದಿದ್ದ ಇಪ್ಪತ್ತೆರಡು ವರ್ಷದ ಹುಡುಗ ಕೆಳಗಿಂದ ಮಾಮೂಲಿ ಶಟರಲ್ಲಿ ತೆಗೆದಿದ್ದ, ಅವನ ಫೋಟೋದಿಂದ ಆಲ್ಬಮ್ಮಿನ ಮಾಂಗಲ್ಯದ ಶೀಟು ತುಂಬಿಸಿದೆ. ಇಪ್ಪತ್ತು ವರ್ಷದಿಂದ ಕ್ಯಾಮೆರಾ ಗೊತ್ತು ಅಂತ ಹೋಗಿ ಒಂದು ಹೆಣ್ಣುಮಗಳ ತಾಳಿ ಫೋಟೋ ಕಳೀತಿದ್ನಲ್ಲ ಅಂತ ಎರಡು ರಾತ್ರಿ ನಿದ್ದೆ ಬರ್ಲಿಲ್ಲ. ಆ ಮನೆಯವರಿಗೆ ಇರೋ ವಿಷಯ ಹೇಳಿದೆ, ಮೂರು ಸಾವಿರ ಬಿಟ್ಟುಕೊಟ್ಟೆ, ಅವರು ದೊಡ್ಡ ಮನಸ್ಸಿಂದ ಒಪ್ಕೊಂಡ್ರು.

ಈಗ ದುಡ್ಡಿನ ಮಾತು. ಮದುವೆ ಮನೆಯವರು ಎಂಬತ್ತು ತೊಂಬತ್ತು ಸಾವಿರ ಫೋಟೋಗೇ ಅಂತ ಕೇಳಿದ್ ತಕ್ಷಣ ಎರಡು ದಿನದ ಕೆಲಸಕ್ಕೆ ಇಷ್ಟಾ ಅಂತಾರೆ, ಅವರ ಜಾಗದಲ್ಲಿದ್ರೆ ನಾನೂ ಕೇಳ್ತಿದ್ದೆ. ಹೋದ ವೈಶಾಖದಲ್ಲಿ ನಾನು ಮಾಡಿದ ಒಂದು ಆರ್ಡರ್ ಲೆಕ್ಕ ಕೊಡ್ತೀನಿ, ಆರತಕ್ಷತೆ ಮುಹೂರ್ತ ಎರಡೂ ಸೇರಿ 85 ಸಾವಿರಕ್ಕೆ ಒಪ್ಕೊಂಡಿದ್ದು. ಕ್ಯಾಂಡಿಡ್ ಹುಡುಗನಿಗೆ 12 ಸಾವಿರ, ವಿಡಿಯೋದವರಿಗೆ 14, ಡ್ರೋನ್‌ಗೆ 7, ನಲವತ್ತು ಶೀಟಿನ ಎರಡು ಆಲ್ಬಂ ಪ್ಯಾಡು ಬಾಕ್ಸು ಸಮೇತ 19, ವಿಡಿಯೋ ಎಡಿಟಿಂಗ್‌ಗೆ 9, ಲೆನ್ಸ್ ಬಾಡಿಗೆ ಪೆಟ್ರೋಲು ಹಾರ್ಡ್ ಡಿಸ್ಕು ಅಂತ 5. ಒಟ್ಟು 66. ನಂಗೆ ಉಳಿಯೋದು 19 ಸಾವಿರ. ಎರಡು ದಿನದ ಕೆಲಸ ಅಲ್ಲ ಅದು, ಮೂರು ಸಾವಿರ ಫೋಟೋ ನೋಡಿ ಆರಿಸಿ ಬಣ್ಣ ಸರಿ ಮಾಡಿ, ಅವರು ಸೆಲೆಕ್ಷನ್ ಮಾಡಿ ಕೊಟ್ಟ ಮೇಲೆ ನಾನೂ ನನ್ನ ಹೆಂಡ್ತಿನೂ ಕೂತು ಆಲ್ಬಂ ಡಿಸೈನ್ ಮಾಡಿ (ಅವಳು ಈಗ ನನಗಿಂತ ಚೆನ್ನಾಗಿ ಮಾಡ್ತಾಳೆ), ಅವರು ಹೇಳಿದ ತಿದ್ದುಪಡಿ ಮಾಡಿ ಬೆಂಗಳೂರಿಗೆ ಪ್ರಿಂಟಿಗೆ ಕಳಿಸೋವರೆಗೂ ಒಂದು ತಿಂಗಳ ಕೆಲಸ. ಆ ಮನೆಯವರು ಅಡ್ವಾನ್ಸ್ 25 ಕೊಟ್ಟಿದ್ರು, ಮದುವೆ ದಿನ 30 ಕೊಟ್ರು, ಇನ್ನು 30 ಆಲ್ಬಂ ಕೈಗೆ ಬಂದಾಗ ಅಂದ್ರು. ಹುಡುಗರಿಗೆ, ವಿಡಿಯೋದವರಿಗೆ ನಾನು ಅವತ್ತೇ ರಾತ್ರಿ ಕೊಡ್ಬೇಕು, ಅವರೂ ದಿನದ ದುಡಿಮೆಯವರು, ಪ್ರೆಸ್ಸಿನವರು ದುಡ್ಡು ಬರದೆ ಆಲ್ಬಂ ಕಳಿಸಲ್ಲ. ಲೆಕ್ಕ ಹಾಕಿ, ಆ 30 ಬರೋವರೆಗೆ ನನ್ನ ಲಾಭ 19 ಬರ್ಲಿಲ್ಲ ಅನ್ನೋದಷ್ಟೇ ಅಲ್ಲ, ನನ್ನ ಕೈಯಿಂದ 11 ಸಾವಿರ ಹೋಗಿರುತ್ತೆ. ಇಂಥದ್ದು ನಾಲ್ಕು ಆರ್ಡರ್ ಒಟ್ಟಿಗೆ ನಿಂತ್ರೆ ಸಣ್ಣ ಫೋಟೋಗ್ರಾಫರ್ ಕ್ಯಾಮೆರಾ ಮಾರ್ತಾನೆ. ನಮ್ಮೂರಲ್ಲೇ ಇಬ್ಬರು ಮಾರಿದ್ದು ನಾನು ನೋಡಿದೀನಿ, ನನ್ನ ಲೆನ್ಸು ಬಂದಿದ್ದೂ ಅಂಥವರೊಬ್ಬರಿಂದಾನೆ.

ಯಾರೂ ಬೇಕು ಅಂತ ಮೋಸ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ಹೆಣ್ಣಿನ ಮನೆ ಕಷ್ಟ ನಾನು ಎಷ್ಟೋ ಮಂಟಪದ ಹಿಂದೆ ನಿಂತು ನೋಡಿದೀನಿ. ಮದುವೆ ಮುಗಿದ ಮೇಲೆ ಅಡುಗೆಯವರು ಬಾಣಲೆ ತೊಳೆಯೋಕೆ ಮುಂಚೆ ಲೆಕ್ಕ ಕೇಳ್ತಾರೆ, ಛತ್ರದವರು ಬೀಗ ತಗೊಳ್ಳೋ ಮುಂಚೆ ಕೇಳ್ತಾರೆ, ವಾಲಗದವರು, ಹೂವಿನವರು, ಬಸ್ಸಿನವರು ಎಲ್ಲ ಅವತ್ತೇ ಹೋಗ್ತಾರೆ, ಫೋಟೋದವ್ರು ಎಲ್ಲಿ ಹೋಗ್ತಾರೆ, ಆಲ್ಬಂ ಕೊಡೋಕೆ ಬರಲೇಬೇಕಲ್ಲ, ಅವರದ್ದು ಆಮೇಲೆ ಅಂತ ಆಗುತ್ತೆ. ನಮ್ಮ ಕಡೆ ಇನ್ನೊಂದು ಇದೆ, ಕೊಬ್ಬರಿ. ಅಟ್ಟದ ಮೇಲಿರೋ ಕಾಯಿ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು, ಸುಲಿಸಿ ಮಾರ್ಕೆಟ್ಟಿಗೆ ಹಾಕಿದ್ ಮೇಲೆ ಕೊಡ್ತೀವಿ ಅಂತಾರೆ, ಮಾರ್ಕೆಟ್ಟಿಗೆ ಹೋದ್ರೆ ರೇಟಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ರೆ ನಮ್ಮ ಮಾರ್ಕೆಟ್ಟಲ್ಲಿ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು, ಆಗ ಮದುವೆ ಮಾಡಿದವರು ಎಲ್ಲಿಂದ ತರ್ತಾರೆ ಹೇಳಿ. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟ್ತು, ಮನೆಮನೇಲೂ ಸ್ವಲ್ಪ ಕೈ ಆಡ್ತು, ಆಲ್ಬಂ ಶೀಟು ಮೂವತ್ತರಿಂದ ಐವತ್ತಾಯ್ತು, ಡ್ರೋನ್ ಬೇಕು ಅನ್ನೋರೂ ಜಾಸ್ತಿಯಾದ್ರು. ಆದ್ರೂ ಬಾಕಿ ಮಾತ್ರ ಕೊನೇಗೇ. ಅಂದ್ರೆ ಇದು ದುಡ್ಡಿಲ್ದೆ ಆಗೋದಷ್ಟೇ ಅಲ್ಲ, ಅಭ್ಯಾಸ.

ನನ್ನ ಬೀರುವಿನಲ್ಲಿ ಒಂದು ಆಲ್ಬಂ ಇದೆ. 2024ರ ಕಾರ್ತಿಕ ಮಾಸದ ಮದುವೆ. ಮರೂನ್ ಬಣ್ಣದ ಲೆದರ್ ಪ್ಯಾಡು, ಮೇಲೆ ಗಾಜಿನ ಒಳಗೆ ಹುಡುಗ ಹುಡುಗಿ ಫೋಟೋ, ಹೊಂದುವ ಬಣ್ಣದ ಬಾಕ್ಸು, ಬಾಕ್ಸಿಗೆ ಸಣ್ಣ ಹಿಡಿ. ಹುಡುಗಿಯೇ ಕೂತು ಆರಿಸಿದ ಫೋಟೋಗಳು, ಅವಳ ಅಜ್ಜಿ ಜೊತೆಗಿನ ಒಂದು ಫೋಟೋ ಪೂರ್ತಿ ಶೀಟಿಗೆ ದೊಡ್ಡದಾಗಿ ಬರಬೇಕು ಅಂತ ಎರಡು ಸಲ ಫೋನ್ ಮಾಡಿ ಹೇಳಿದ್ಲು. ಆಲ್ಬಂ ಪ್ರಿಂಟ್ ಆಗಿ ಬರೋಷ್ಟರಲ್ಲಿ ಐದು ತಿಂಗಳಾಗಿತ್ತು, ನಾನು ಫೋನ್ ಮಾಡಿದ್ರೆ ಅವರ ತಂದೆ ಎತ್ತಿ "ಈಗ ಅದೆಲ್ಲ ಬೇಡ ಕಣಪ್ಪ, ಅವಳು ವಾಪಸ್ ಬಂದಿದಾಳೆ" ಅಂದ್ರು. ಬಾಕಿ 38 ಸಾವಿರ. ಅಂಥ ಮನೇಲಿ ಹೋಗಿ ಫೋಟೋ ದುಡ್ಡು ಅಂತ ಹೇಗೆ ಕೇಳೋದು, ಕೇಳ್ಲಿಲ್ಲ. ಗಂಡಿನ ಕಡೆಯವರು ಆರ್ಡರ್ ಕೊಟ್ಟಿದ್ದು ನಾವಲ್ಲ ಅಂದ್ರು, ಅದೂ ನಿಜವೇ. ಆಲ್ಬಂ ಎಸೆಯೋಕೂ ಮನಸ್ಸು ಬರಲ್ಲ, ಆ ಅಜ್ಜಿ ಫೋಟೋ ಅದರಲ್ಲಿದೆಯಲ್ಲ. ಆ ಶೀಟಿನ ಫೋಟೋ ಒಂದನ್ನ ಬೇರೆ ಪ್ರಿಂಟ್ ಹಾಕಿಸಿ ಕವರಲ್ಲಿಟ್ಟು ಹುಡುಗಿ ತಮ್ಮನ ಕೈಗೆ ಕೊಟ್ಟು ಬಂದೆ. ಆದ್ರೆ ಆಮೇಲೆ ನಾನು ಒಂದು ಮಾಡ್ದೆ, ಪೂರ್ತಿ ಬಾಕಿ ಬರದೆ ಯಾರ ಆಲ್ಬಮ್ಮನ್ನೂ ಪ್ರಿಂಟಿಗೆ ಕಳಿಸಲ್ಲ. ಮಾವ ಆ ಪುಸ್ತಕ ಮುಂದಿಟ್ಟಾಗ ಹೇಳ್ದೆ ಹೇಳಿದ್ದು ಅದನ್ನೇ, ನಂಗೆ ಅರ್ಥ ಆಗೋಕೆ ಒಂದು ವರ್ಷದ ಮೇಲೆ ಬೇಕಾಯ್ತು.

ಈಗ ನಾನು ಎಷ್ಟೇ ಗುರುತಿನವರಾದ್ರೂ ಎರಡು ಹಾಳೇಲಿ ಬರೆದು ಇಬ್ಬರೂ ಸೈನ್ ಮಾಡ್ತೀವಿ. ಮೊದಮೊದಲು ನಮ್ಮ ಮೇಲೆ ನಂಬಿಕೆ ಇಲ್ವಾ ಅಂತ ಕೆಲವರು ಮುಖ ಸಣ್ಣ ಮಾಡ್ಕೊಂಡ್ರು, ನಂಬಿಕೆ ಇದೆ ಗೌಡ್ರೇ, ನಾಳೆ ನಂಗೇ ಏನಾದ್ರೂ ಆದ್ರೆ ನಿಮ್ಮ ಫೋಟೋ ಯಾರ ಹತ್ರ ಕೇಳ್ತೀರಿ, ಅದಕ್ಕೂ ಇದು ಬೇಕು ಅಂದಾಗ ಒಪ್ಕೊಂಡ್ರು. ಬುಕ್ ಮಾಡೋವಾಗ ಮೂರಲ್ಲಿ ಒಂದು ಪಾಲು, ಆರತಕ್ಷತೆ ದಿನ ಸಂಜೆ ಶುರುವಾಗೋ ಮುಂಚೆ ಇನ್ನೊಂದು ಪಾಲು, ಡಿಸೈನ್ ಒಪ್ಪಿಗೆ ಆಗಿ ಪ್ರಿಂಟಿಗೆ ಹೋಗೋ ಮುಂಚೆ ಉಳಿದಿದ್ದು. ಸೆಲೆಕ್ಷನ್‌ಗೆ 45 ದಿನ. ಈ ಸೆಲೆಕ್ಷನ್ ಅನ್ನೋದು ದೊಡ್ಡ ತಲೆನೋವು, ಮದುವೆ ಆಗಿ ಹುಡುಗ ಹುಡುಗಿ ಬೆಂಗಳೂರಿಗೆ ಹೋಗ್ತಾರೆ, ಮೂರು ಸಾವಿರದಲ್ಲಿ ನೂರೈವತ್ತು ಆರಿಸಿ ಅಂದ್ರೆ ಈ ಭಾನುವಾರ ಮುಂದಿನ ಭಾನುವಾರ ಅಂತ ಏಳು ತಿಂಗಳು ಕಳೆಯುತ್ತೆ, ಆಮೇಲೆ ಅವರೇ ಫೋಟೋಗ್ರಾಫರ್ ಆಲ್ಬಂ ಕೊಟ್ಟಿಲ್ಲ ಅಂತ ಹೇಳ್ಕೊಂಡು ಓಡಾಡ್ತಾರೆ. ನಮ್ಮ ಕಡೆ ತಪ್ಪಿಗೂ ಆ ಹಾಳೇಲಿ ಜಾಗ ಇದೆ, ಸೆಲೆಕ್ಷನ್ ಕೊಟ್ಟು 60 ದಿನದೊಳಗೆ ಆಲ್ಬಂ ಕೊಡ್ಲಿಲ್ಲ ಅಂದ್ರೆ ನಾನು ಐದು ಸಾವಿರ ಬಿಡ್ಬೇಕು, ಎಲ್ಲಾ ಫೋಟೋ ಎರಡು ಕಾರ್ಡಿಗೆ ಒಟ್ಟಿಗೆ ಬೀಳೋ ಹಾಗೆ ತೆಗೀಬೇಕು, ಒಂದು ವರ್ಷ ಎರಡು ಹಾರ್ಡ್ ಡಿಸ್ಕಲ್ಲಿ ಕಾಪಾಡ್ಬೇಕು. ನಮ್ಮವರಲ್ಲೂ ಅಡ್ವಾನ್ಸ್ ತಗೊಂಡು ಫೋನ್ ಎತ್ತದಿರೋರು, ವರ್ಷವಾದ್ರೂ ಆಲ್ಬಂ ಕೊಡದಿರೋರು ಇದಾರೆ, ಅದು ಗೊತ್ತಿದ್ದೇ ಬರೀತಿದೀನಿ, ಅಂಥವರಿಂದಲೇ ಜನ ಬಾಕಿ ಹಿಡ್ಕೊಳ್ಳೋದು ಕಲ್ತಿದ್ದು.

ಇನ್ನೊಂದು ವಿಷಯ ನಮ್ಮ ಹುಡುಗರಿಗೇ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ರೆ, ತೆಗೆಸಿದವರದ್ದೇ. ನಾವು ಹುಡುಗಿ ಫೋಟೋ ಚೆನ್ನಾಗಿ ಬಂತು ಅಂತ ಇನ್‌ಸ್ಟಾಗ್ರಾಂಗೆ ಹಾಕ್ಕೊಂಡು ಆರ್ಡರ್ ಹುಡುಕೋದು ಸರಿಯಲ್ಲ, ಕೇಳಿ ಹಾಕ್ಬೇಕು. ನನ್ನ ಹಾಳೇಲಿ ಅದಕ್ಕೊಂದು ಸಾಲಿದೆ, ಒಪ್ಪಿದವರದ್ದು ಮಾತ್ರ ಹಾಕ್ತೀನಿ. ಹಂಗೇ ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ನೋಂದಾಯಿಸ್ಕೊಳ್ಳೋದು) ಸರ್ಕಾರದ ವೆಬ್‌ಸೈಟಲ್ಲಿ ಪೂರ್ತಿ ಉಚಿತ, ಆಧಾರ್, ಪ್ಯಾನ್ ಇಟ್ಕೊಂಡು ನಾವೇ ಮಾಡ್ಬಹುದು, ಅದಕ್ಕೆ ಎರಡು ಸಾವಿರ ಕೊಟ್ಟು ಬಂದವರನ್ನ ನೋಡಿದೀನಿ. ಸಣ್ಣ ಉದ್ಯಮದವರಿಗೆ ಕೊಡೋ ಮುದ್ರಾ ಸಾಲ ಕೇಳೋಕೆ ಹೋದಾಗ ನಂಗೆ ಬ್ಯಾಂಕಲ್ಲಿ ಹೊಸ ಮಾಲಿನ ಕೊಟೇಷನ್ ತನ್ನಿ, ಸೆಕೆಂಡ್ ಹ್ಯಾಂಡ್‌ಗೆ ಆಗಲ್ಲ ಅಂದ್ರು, ನಮ್ಮಂಥವರು ಶುರು ಮಾಡೋದೇ ಸೆಕೆಂಡ್ ಹ್ಯಾಂಡಿಂದ, ಇದನ್ನ ಯಾರಾದ್ರೂ ಮೇಲಿನವರು ಯೋಚನೆ ಮಾಡ್ಬೇಕು.

ಮದುವೆ ಮನೆಯವರಿಗೆ ನನ್ನ ಕೋರಿಕೆ ಇಷ್ಟೇ. ಬರೋ ವೈಶಾಖಕ್ಕೆ ಈಗಾಗ್ಲೇ ಛತ್ರ ಬುಕ್ ಮಾಡಿರ್ತೀರಿ. ಫೋಟೋದವರನ್ನ ಮಾತಾಡೋವಾಗ ಬಾಯಿ ಮಾತಲ್ಲಿ ಬಿಡ್ಬೇಡಿ, ಒಂದು ಹಾಳೇಲಿ ಬರೆಸ್ಕೊಳ್ಳಿ, ಕೈಲಾಗೋಷ್ಟಕ್ಕೇ ಒಪ್ಕೊಳ್ಳಿ. ಐವತ್ತು ಶೀಟು ಬೇಡ, ಇಪ್ಪತ್ತೈದು ಸಾಕು, ಡ್ರೋನ್ ಇಲ್ದಿದ್ರೂ ಮದುವೆ ಮದುವೆನೇ, ಕಮ್ಮಿ ಹೇಳಿ ಆದ್ರೆ ಹೇಳಿದ್ದನ್ನ ಹೇಳಿದ ದಿನ ಕೊಡಿ. ಮೂವತ್ತು ಸಾವಿರದ ಆರ್ಡರ್ ಪೂರ್ತಿ ಬಂದ್ರೆ ನಮ್ಮನೆ ನಡೆಯುತ್ತೆ, ಎಂಬತ್ತೈದರ ಆರ್ಡರಲ್ಲಿ ಮೂವತ್ತು ನಿಂತ್ರೆ ನಡೆಯಲ್ಲ.

ಕೆಲಸ ಹೋದವರಿಗೆ ಮತ್ತೆ ಹೇಳ್ತೀನಿ, ಸೆಟ್ಲ್‌ಮೆಂಟ್ ದುಡ್ಡು ಮುಟ್ಬೇಡಿ, ಆರು ತಿಂಗಳ ಊಟ ಬಾಡಿಗೆ ಮಕ್ಕಳ ಫೀಸಿಗೆ ಅದು ಬ್ಯಾಂಕಲ್ಲಿರ್ಲಿ. ಲೆನ್ಸು ಬಾಡಿ ಎಲ್ಲ ಬಾಡಿಗೆಗೆ ಸಿಗುತ್ತೆ. ಮೊದಲು ಒಂದು ಸೀಸನ್ ಯಾರದಾದ್ರೂ ಜೊತೆ ಹೋಗಿ, ಲೈಟ್ ಹಿಡೀರಿ, ಬ್ಯಾಗ್ ಹೊರಿ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಾಲೆರೆಯೋ ಶಾಸ್ತ್ರಕ್ಕೆ ನಿಂತು ಮಧ್ಯಾಹ್ನ ಮೂರಕ್ಕೆ ಕೊನೇ ಪಂಕ್ತೀಲಿ ಊಟ ಮಾಡೋದು ನಿಮ್ಮ ಮೈಗೆ ಒಗ್ಗುತ್ತಾ ನೋಡಿ. ತಿಪಟೂರು, ತುರುವೇಕೆರೆ, ಅರಸೀಕೆರೆ, ಹುಳಿಯಾರು ಕಡೆಯವರು ಯಾರಾದ್ರೂ ಹಾಗೆ ಕೆಲಸ ಕಳ್ಕೊಂಡು ಊರಿಗೆ ಬಂದಿದ್ರೆ ಮಾಘ ಮಾಸದಿಂದ ನನ್ನ ಜೊತೆ ಬರಬಹುದು, ಕ್ಯಾಮೆರಾ ತರೋದು ಬೇಡ, ನನ್ನ ಹತ್ರ ಇರೋದರಲ್ಲೇ ಕಲೀಬಹುದು, ದಿನಕ್ಕೆ ಎಂಟುನೂರು ರೂಪಾಯಿ ಕೊಡ್ತೀನಿ, ಊಟ ಮದುವೆ ಮನೇಲಿ, ದುಡ್ಡು ಅವತ್ತೇ ರಾತ್ರಿ. ನನ್ನ ನಂಬರ್ ನಿಮ್ಮ ಪತ್ರಿಕೆ ಆಫೀಸಲ್ಲಿ ಕೊಟ್ಟಿರ್ತೀನಿ, ಕೇಳಿದವರಿಗೆ ದಯವಿಟ್ಟು ಕೊಡಿ.

ಇಂತಿ,
ಒಬ್ಬ ಮದುವೆ ಫೋಟೋಗ್ರಾಫರ್
ತಿಪಟೂರು